ಪಂಪಾಪತಿಯ ನೆಲಮಾಳಿಗೆ

ಆ ಊರಿನ ಜನ ಗಲ್ಲ ಮೇಲೆತ್ತಿಕೊಂಡು ನಡೆಯುತ್ತಾರೆ. ಹೊಸದಾಗಿ ಬಂದವರು ಅದನ್ನು ಸ್ವಾಭಿಮಾನ ಎಂದುಕೊಳ್ಳುತ್ತಾರೆ. ನಾನೂ ಮೊದಲ ಮೂರು ದಿನ ಹಾಗೆಯೇ ಅಂದುಕೊಂಡಿದ್ದೆ. ನಾಲ್ಕನೆಯ ದಿನ ಅಂಗಡಿಬೀದಿಯಲ್ಲಿ ಹಿರಿಯರೊಬ್ಬರು ಆಕಾಶ ನೋಡುತ್ತಲೇ ಬಂದು ನನ್ನ ಸೈಕಲ್ಲಿಗೆ ಡಿಕ್ಕಿ ಹೊಡೆದು, ಆಕಾಶ ನೋಡುತ್ತಲೇ ಕ್ಷಮೆ ಕೇಳಿ, ಆಕಾಶ ನೋಡುತ್ತಲೇ ಹೊರಟುಹೋದಾಗ, ಇದು ಸ್ವಾಭಿಮಾನವಲ್ಲ, ಬೇರೆ ಯಾವುದೋ ಕಾಯಿಲೆ ಎಂದು ಗೊತ್ತಾಯಿತು.

ಕಾರಣ ಸರಳ. ಆ ಊರಿನಲ್ಲಿ ಕರೆಯದೆ ಮನೆಯೊಳಗೆ ಬಂದ ನೀರು, ಅದನ್ನು ಮೊದಲು ಕಣ್ಣಾರೆ ಕಂಡವರದು. ಒಮ್ಮೆ ಕಂಡರೆ ಮುಗಿಯಿತು. ಆಮೇಲೆ ಅವರು ಹೋದಲ್ಲೆಲ್ಲ ಅದು ಹಿಂದೆ ಹೋಗುತ್ತದೆ, ಚರಂಡಿ ಹಿಡಿದೋ, ಗೋಡೆಯ ಬುಡ ಹಿಡಿದೋ, ತನ್ನದೇ ನಿಧಾನದಲ್ಲಿ. ಅದನ್ನು ಎತ್ತಿ ಹಾಕುವ, ಅದು ಕೆಡಿಸಿದ್ದನ್ನು ಸರಿಪಡಿಸುವ ಹೊಣೆಯೂ ಅವರದೇ. ಬಾವಿಯಿಂದ ಸೇದಿ ತಂದ ನೀರಿಗೆ ಈ ಕಟ್ಟಳೆ ಇಲ್ಲ, ಮಳೆಗೂ ಇಲ್ಲ. ನೆಲಮಾಳಿಗೆಯಲ್ಲಿ ತಾನಾಗಿ ಏಳುವ ನೀರಿಗೆ ಮಾತ್ರ. ಊರಿನಲ್ಲಿ ಸುಮಾರು ನಾನೂರು ಹಳೆಯ ಮನೆಗಳಿವೆ. ಎಲ್ಲಕ್ಕೂ ನೆಲಮಾಳಿಗೆ ಇದೆ, ಎಲ್ಲ ನೆಲಮಾಳಿಗೆಯಲ್ಲೂ ನೀರಿದೆ, ಮತ್ತು ಯಾರನ್ನು ಕೇಳಿದರೂ ನೀರು ಕಂಡವರು ಊರಿನಲ್ಲಿ ಒಬ್ಬರೂ ಇಲ್ಲ. ಕೆಳಗಿಟ್ಟ ಉಪ್ಪಿನಕಾಯಿ ಜಾಡಿ ಬೇಕಾದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಳಿಯುತ್ತಾರೆ. ಇಳಿದ ಮೂವರಲ್ಲಿ ಒಬ್ಬರು ಬೀಳುತ್ತಾರೆ. ಊರಿನ ಅತಿ ದೊಡ್ಡ ಮನೆ ಮೂಳೆ ಕಟ್ಟುವವನದು. ಅದು ಹೊಸ ಮನೆ. ಅದಕ್ಕೆ ನೆಲಮಾಳಿಗೆ ಇಲ್ಲ.

ನನ್ನ ಕೆಲಸ ಬಿತ್ತನೆ ಬೀಜದ ಪರೀಕ್ಷೆ. ನೂರು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿಟ್ಟು, ಏಳನೆಯ ದಿನ ಎಷ್ಟು ಮೊಳೆತವು ಎಂದು ಬರೆಯುವುದು. ಹದಿನೇಳು ವರ್ಷ ಇದನ್ನೇ ಮಾಡಿದವಳಿಗೆ ಎರಡು ಅಭ್ಯಾಸಗಳು ಅಂಟಿಕೊಳ್ಳುತ್ತವೆ: ಕಂಡದ್ದನ್ನು ಬರೆಯುವುದು, ಸಹಿ ಹಾಕುವ ಮುಂಚೆ ಓದುವುದು. ಪಂಪಾಪತಿಯವರ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದ ದಿನ ಎರಡನೆಯ ಅಭ್ಯಾಸ ನನ್ನನ್ನು ಉಳಿಸಿತು.

"ಓದೋಕೇನೈತೆ ಅದರಾಗೆ? ಎಲ್ಲಾ ಮಾಮೂಲಿ" ಎಂದರು ಅವರು. ಅರವತ್ತರ ಆಸುಪಾಸಿನ ದುಂಡು ಮನುಷ್ಯ, ಊರಿನ ನೀರು ಸಭೆಗೆ ಅಧ್ಯಕ್ಷ. ನೀರೇ ಕಾಣದ ಊರಿಗೆ ನೀರು ಸಭೆ ಯಾಕೆ ಎಂದು ಕೇಳಿದರೆ, ನೀರಿಲ್ಲ ಎಂದು ಯಾರಾದರೂ ತೀರ್ಮಾನಿಸಬೇಕಲ್ಲ ಎನ್ನುತ್ತಿದ್ದರು.

ಕರಾರಿನ ನಾಲ್ಕನೆಯ ಕಲಮು ಹೀಗಿತ್ತು: ‘ಬಾಡಿಗೆದಾರರು ನೆಲಮಾಳಿಗೆಯನ್ನು ಖುದ್ದಾಗಿ ಕಂಡು ಒಪ್ಪಿರುತ್ತಾರೆ.’

"ನಾನು ಕಂಡಿಲ್ಲವಲ್ಲ" ಎಂದೆ.

"ಈಗ ಕಾಣ್ರಿ. ಮೆಟ್ಟಿಲು ಅಲ್ಲೇ ಐತೆ."

"ನೀವೂ ಬನ್ನಿ."

"ನಂಗೆ ಮಂಡಿನೋವು. ನೀವು ಹೋಗ್ಬರ್‍ರಿ, ಕಲಿತೋರು."

ನಾನು ನಾಲ್ಕನೆಯ ಕಲಮಿನ ಮೇಲೆ ಗೀಟು ಎಳೆದೆ. ಅವರ ಮುಖ ಕಪ್ಪಿಟ್ಟಿತು. ಆದರೆ ಎಂಟು ತಿಂಗಳಿಂದ ಆ ಭಾಗ ಖಾಲಿ ಬಿದ್ದಿತ್ತು, ಸಹಿ ಹಾಕಿದರು. ನನಗಿಂತ ಮುಂಚೆ ಐದು ಜನ ಬಾಡಿಗೆದಾರರು ಕೆಳಗಿಳಿದು ನೀರು ಕಂಡು, ಹೊರಗಿನ ಊರುಗಳಿಗೆ ಹೋಗಿದ್ದರಂತೆ. ನೀರೂ ಅವರ ಹಿಂದೆಯೇ ಹೋಯಿತು ಎಂದು ಪಂಪಾಪತಿ ಹೇಳುತ್ತಿದ್ದರು. ಹೋಗಿತ್ತೇ ಎಂದು ಇಳಿದು ನೋಡಿದವರು ಯಾರೂ ಇರಲಿಲ್ಲ.

ಮುಂದಿನ ವಾರಗಳಲ್ಲಿ ನನ್ನನ್ನು ಕೆಳಗಿಳಿಸಲು ಅವರು ಪಟ್ಟ ಪಾಡು ನೋಡಬೇಕಿತ್ತು. "ಬೀಜದಮ್ಮಾರೆ, ಕೆಳಗೆ ನಮ್ಮಪ್ಪನ ಕಾಲದ ತಾಮ್ರದ ಹಂಡೆ ಐತೆ, ನೀವೇ ಇಟ್ಕಳ್ರಿ." ಬೇಡ ಎಂದೆ. "ಬೆಕ್ಕು ಮರಿ ಹಾಕೈತೆ ಕಣ್ರಿ ಕೆಳಗೆ, ಪಾಪ, ಹಾಲಿಟ್ಟು ಬರ್‍ರಿ."

"ಆ ಬೆಕ್ಕಿಗೆ ಈಜು ಬರುತ್ತದೆಯೇ?"

ಅವರು ಜಂತೆ ಎಣಿಸುತ್ತ ಕೇಳಿದರು, "ಯಾಕೆ ಹಂಗಂತೀರಿ? ಅಲ್ಲೇನು ನೀರೈತಾ?"

ನೀರಿತ್ತು. ನೋಡದೆಯೇ ನನಗೆ ಗೊತ್ತಿತ್ತು. ಆ ಮನೆಯ ಆಧಾರ ಒಂದೇ ಮರದ ಕಂಬ. ಅದು ನೆಲಮಾಳಿಗೆಯಲ್ಲಿ ಹುಟ್ಟಿ, ನನ್ನ ಕೋಣೆಯ ನಡುವೆ ಹಾದು, ಮಹಡಿಯನ್ನು ಹೊತ್ತು ನಿಂತಿತ್ತು. ಮೊದಲ ವಾರ ಗೋಲಿ ಸೋಡಾದ ಒಂದು ಗೋಲಿ ನನ್ನ ಕೈತಪ್ಪಿ ಗೋಡೆಯ ಪಕ್ಕ ಬಿತ್ತು. ಅದು ನಿಧಾನವಾಗಿ ಉರುಳಿ ಹೋಗಿ ಕಂಬಕ್ಕೆ ತಾಗಿ ನಿಂತಿತು. ಗಡಿಯಾರ ಹಿಡಿದು ಮತ್ತೆ ಬಿಟ್ಟೆ: ಒಂಬತ್ತು ಸೆಕೆಂಡು. ಎರಡನೆಯ ವಾರ ಎಂಟು. ಮೂರನೆಯ ವಾರ ಏಳು. ಕಂಬ ಕುಸಿಯುತ್ತಿತ್ತು, ಅದರ ಜೊತೆಗೆ ನೆಲವೂ, ಮಹಡಿಯೂ. ಕಂಬದ ಪಕ್ಕದ ಹಲಗೆಯಲ್ಲಿ ಎರಡು ಬೆರಳಗಲದ ತೂತಿತ್ತು. ನಾನು ದಿನಾ ಬೆಳಿಗ್ಗೆ ಎಂಟಕ್ಕೆ, ಮತ್ತೆ ಸಂಜೆ ಐದಕ್ಕೆ, ಮುಖ ಆಚೆ ತಿರುಗಿಸಿ ಅದರೊಳಗೆ ಅಳತೆಯ ಕೋಲು ಇಳಿಬಿಟ್ಟು, ಮೇಲೆತ್ತಿ, ಒದ್ದೆಯಾದ ಭಾಗವನ್ನು ಬರೆದುಕೊಳ್ಳತೊಡಗಿದೆ. ಇಪ್ಪತ್ತೊಂದು ಅಂಗುಲ. ಇಪ್ಪತ್ತೊಂದೂವರೆ. ಇಪ್ಪತ್ತೆರಡು.

ಮಹಡಿಯಲ್ಲಿದ್ದವರು ಹನುಮಕ್ಕ. ಕೌದಿ ಹೊಲಿಯುತ್ತಿದ್ದರು. ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು; ನಾನು ಬಂದ ದಿನವೇ ಒಂದು ಕೌದಿ ತಂದು ಹಾಸಿಗೆಯ ಮೇಲೆ ಎಸೆದು, "ಈ ಮನೇಲಿ ಥಂಡಿ ಜಾಸ್ತಿ. ಯಾಕೆ ಅಂತ ಕೇಳಬ್ಯಾಡ" ಎಂದಿದ್ದರು. ಅವರ ಮಗಳು ಸರೋಜಿ ಚೊಚ್ಚಲ ಹೆರಿಗೆಗೆ ಬಂದಿದ್ದಳು, ದಿನ ತುಂಬುತ್ತಿತ್ತು. ಆ ಊರಿನ ಹೆಣ್ಣು ಮನೆಯ ಕಂಬಕ್ಕೆ ಹಗ್ಗ ಕಟ್ಟಿ, ಅದನ್ನು ಹಿಡಿದೇ ಹೆರಬೇಕು. ಹಾಗಾಗಿ ಸರೋಜಿಯ ಮಂಚ ಕಂಬದ ಬುಡದಲ್ಲೇ ಇತ್ತು, ಸರಿಯಾಗಿ ನನ್ನ ತಲೆಯ ಮೇಲೆ.

"ಹನುಮಕ್ಕ, ಮಂಚ ಆಚೆ ಎಳೆದುಕೊಳ್ಳಿ. ಕಂಬ ಕುಸಿಯುತ್ತಿದೆ" ಎಂದೆ.

"ಕುಸೀತೈತೆ ಅಂತ ನಂಗೂ ಗೊತ್ತವ್ವ. ಬಾಗಿಲು ಹಾಕೋಕೆ ಬರ್ತಿಲ್ಲ, ಗೂಟಕ್ಕೆ ತೂಗು ಹಾಕಿದ ಬುಟ್ಟಿ ಗೋಡೆ ಬಿಟ್ಟು ಇತ್ಲಾಗೆ ನಿಂತೈತೆ. ಆದ್ರೆ ಯಾಕೆ ಕುಸೀತೈತೆ ಅಂತ ಯಾರಾರ ಕೇಳಿದ್ರೆ ನಾನೇನ್ ಹೇಳ್ಲಿ? ಕೆಳಗೇನೋ ಐತೆ ಅನ್ಬೇಕಾಗ್ತೈತೆ. ಹೆಂಗೆ ಗೊತ್ತು ಅಂತಾರೆ. ನೋಡಿದೀಯಾ ಅಂತಾರೆ. ನಂಗ್ಯಾಕವ್ವ?"

"ಮಗಳ ಮೇಲೆ ಮನೆ ಬಿದ್ದರೆ?"

"ಬೀಳಲ್ಲ ಬಿಡು" ಎಂದು ಸೂಜಿಗೆ ದಾರ ಪೋಣಿಸಿದರು. ಮೂರು ಸಲ ದಾರ ಸೂಜಿಯ ಕಣ್ಣು ತಪ್ಪಿತು. ಆ ಕೈ ಕೌದಿಯಲ್ಲಿ ಎಂದೂ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಕೋಲು, ಪುಸ್ತಕ ಎರಡನ್ನೂ ತೆಗೆದುಕೊಂಡು ನೀರು ಸಭೆಗೆ ಹೋದೆ. ಸಭೆ ಪ್ರತಿ ಮಂಗಳವಾರ, ಊರಿನ ಇನ್ನೊಂದು ತುದಿಯ ಚಾವಡಿಯಲ್ಲಿ. ಹನ್ನೆರಡು ಜನ ಸದಸ್ಯರೂ ಬೆಂಚುಗಳ ಮೇಲೆ ಕಾಲು ಮಡಚಿಕೊಂಡು, ತೂಗುಹಾಕಿದ ಕೋಳಿಗಳ ಹಾಗೆ ಗಲ್ಲ ಮೇಲೆತ್ತಿಕೊಂಡು ಕೂತಿದ್ದರು. ಅಧ್ಯಕ್ಷ ಪಂಪಾಪತಿಯವರ ಕಾಲು ಮಾತ್ರ ನೆಲದ ಮೇಲಿತ್ತು. ನಾನು ಕೋಲು ತೆಗೆದದ್ದೇ ತಡ, "ತೋರಿಸಬ್ಯಾಡ್ರೀ!" ಎಂದು ಹನ್ನೆರಡು ಜನವೂ ಕಣ್ಣು ಮುಚ್ಚಿದರು.

"ಇದು ಬರೀ ಕೋಲು. ಇಷ್ಟುದ್ದ ಒದ್ದೆಯಾಗಿದೆ, ಅಷ್ಟೇ."

ಅವರಲ್ಲಿ ಸಂಗಪ್ಪ ಎಂಬ ನಿವೃತ್ತ ಮಾಸ್ತರರು ಕಣ್ಣು ಮುಚ್ಚಿಕೊಂಡೇ ಎದ್ದು ಹೇಳಿದರು, "ಒದ್ದೆ ಬೇರೆ, ನೀರು ಬೇರೆ. ಒದ್ದೆ ಅನ್ನೋದು ಗುಣ. ನೀರು ಅನ್ನೋದು ವಸ್ತು. ಗುಣದಿಂದ ವಸ್ತು ಐತೆ ಅಂತ ಹೇಳೋಕೆ ಬರಂಗಿಲ್ಲ. ಬಟ್ಟೆ ಕೆಂಪಗೈತೆ ಅಂತ ಮೆಣಸಿನಕಾಯಿ ಐತೆ ಅಂತೀವಾ?"

ಇಡೀ ಸಭೆ ಭೇಷ್ ಎಂದಿತು. ಆ ಊರಿನ ಮಕ್ಕಳು ಮೂವತ್ತು ವರ್ಷ ಈ ಮನುಷ್ಯನ ಕೈಯಲ್ಲಿ ವಿಜ್ಞಾನ ಕಲಿತಿದ್ದರು.

"ಹೋಗಲಿ, ಮಹಡಿಯಲ್ಲಿ ತುಂಬುಗರ್ಭಿಣಿ ಇದ್ದಾಳೆ. ಕಂಬಕ್ಕೆ ಹೊಸ ಕಲ್ಲು ಕೂರಿಸಿಕೊಡಿ. ಮನೆ ನಿಮ್ಮದು."

ಪಂಪಾಪತಿ ನಿಟ್ಟುಸಿರುಬಿಟ್ಟರು. "ಮನೆ ನಂದೇ. ಆದ್ರೆ ಕೆಡಿಸಿದ ನೀರು ಯಾರದೋ ಅವ್ರು ಸರಿ ಮಾಡಬೇಕು. ಹಳೇ ನೀರು ಹಳೇ ಬಾಡಿಗೆದಾರನ ಹಿಂದೆ ಹೋತು. ಹೊಸ ನೀರು ಐತೆ ಅನ್ನೋದಾದ್ರೆ, ಯಾರು ಕಂಡವ್ರೆ ಹೇಳ್ರಿ, ಈಗ್ಲೇ ಅವ್ರ ಕೈಲಿ ಮಾಡಿಸ್ತೀನಿ. ಯಾರೂ ಕಂಡಿಲ್ಲ ಅಂದ್ರೆ ನೀರಿಲ್ಲ. ನೀರಿಲ್ಲ ಅಂದ್ರೆ ಕಂಬ ಕುಸೀತಿಲ್ಲ. ಮುಂದಿನ ವಿಷಯ."

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನ್ನ ಸೀರೆಯ ಅಂಚು ಪಾದಕ್ಕೆ ತಣ್ಣಗೆ ಅಂಟಿಕೊಂಡಿತು. ಹಿಂಡಿದೆ. ತೊಟ್ಟಿಕ್ಕಿತು. ಚಾವಡಿಗೆ ನೆಲಮಾಳಿಗೆ ಇಲ್ಲ, ಸುತ್ತ ಬಾವಿ ಇಲ್ಲ. ಮನೆಗೆ ಬಂದು ಐದು ಗಂಟೆಯ ಅಳತೆ ತೆಗೆದೆ: ಹತ್ತೊಂಬತ್ತು. ಬೆಳಿಗ್ಗೆ ಇಪ್ಪತ್ತೆರಡು ಇತ್ತು.

ಪುಸ್ತಕ ಹಿಂದಕ್ಕೆ ತಿರುವಿದೆ. ಆರು ವಾರದ ಅಂಕಿಗಳು. ಪ್ರತಿ ಮಂಗಳವಾರ ಸಂಜೆ ಮೂರು ಅಂಗುಲದ ಇಳಿಕೆ, ಬುಧವಾರ ಬೆಳಿಗ್ಗೆ ಮತ್ತೆ ಏರಿಕೆ. ಇಷ್ಟು ದಿನ ಕೋಲು ಹಿಡಿದ ಕೈಯ ದೋಷ ಎಂದುಕೊಂಡಿದ್ದೆ. ಒಂದು ಶುಕ್ರವಾರವೂ ಇಳಿದಿತ್ತು. ಅಂದು ಪಂಪಾಪತಿ ಗಾಣದ ಮನೆಯವರ ನಾಮಕರಣಕ್ಕೆ ಹೋಗಿ ಸಂಜೆಯವರೆಗೆ ಬಂದಿರಲಿಲ್ಲ. ಹನ್ನೆರಡು ಜನ ಕಾಲು ಮಡಚಿ ಕೂತದ್ದು, ಒಬ್ಬರ ಕಾಲು ಮಾತ್ರ ನೆಲದಲ್ಲಿದ್ದದ್ದು ನೆನಪಾಯಿತು. ನೀರು ಯಾರದೆಂದು ಅವರೆಲ್ಲರ ಕಾಲಿಗೂ ಗೊತ್ತಿತ್ತು. ತಲೆಗೆ ಮಾತ್ರ ಗೊತ್ತಿರಲಿಲ್ಲ.

ಆದರೆ ಏಳು ಇಳಿಕೆ ಎಂದರೆ ಏಳೇ. ಏಳು ಮೊಳಕೆ ನಂಬಿ ನಾನು ಯಾವ ಬೀಜಕ್ಕೂ ಪ್ರಮಾಣಪತ್ರ ಕೊಟ್ಟವಳಲ್ಲ.

ಮರುದಿನ ಮೈಲಾರಿಯನ್ನು ಕರೆಸಿದೆ. ಅವನು ಹುಟ್ಟು ಕುರುಡ. ಅದಕ್ಕೇ ಊರಿನ ನೆಲಮಾಳಿಗೆಗಳ ಏಕೈಕ ಮೇಸ್ತ್ರಿ. ಇಳಿದು, ತಡಕಾಡಿ, ತೊಡೆಯವರೆಗೆ ಒದ್ದೆಯಾಗಿ ಮೇಲೆ ಬಂದ.

"ಬುಡ ಕೈಯಾಗೆ ಹಿಡಿದ್ರೆ ನೆನೆದ ರೊಟ್ಟಿ ಬಂದಂಗೆ ಬರ್ತೈತೆ ಬೀಜದಮ್ಮ. ಹತ್ತು ದಿನ ನಿಂತರೆ ಹೆಚ್ಚು."

"ಕಲ್ಲು ಕೂರಿಸುತ್ತೀಯಾ?"

"ನೀರಾಗೆ ಗಾರೆ ಹಿಡಿಯಂಗಿಲ್ಲ. ಒಣ ನೆಲ ಕೊಡ್ರಿ, ಒಂದು ಹೊತ್ತಿನಾಗೆ ಕೂರಿಸ್ತೀನಿ. ಆಮ್ಯಾಕೆ ಮೂರು ದಿನ ಒಣಗಿರಬೇಕು. ಎಲ್ಲಿಂದ ಕೊಡ್ತೀರಿ ಒಣ ನೆಲ?"

ಆ ಊರಿನಲ್ಲಿ ನೀರು ಕಂಡವರನ್ನು ಅದೇ ದಿನ ಸಾಗಹಾಕುವ ಪದ್ಧತಿ ಇದೆ. ಡೋಲು ಬಡಿಯುತ್ತ ಎಲ್ಲೆಕಲ್ಲಿನವರೆಗೆ ಕರೆದೊಯ್ಯುತ್ತಾರೆ. ಮನೆಯೊಡೆಯ ಖಾಲಿ ಕೊಡವನ್ನು ತಲೆಯ ಮೇಲೆ ಬೋರಲಾಗಿ ಹೊತ್ತು ಜೊತೆಗೆ ಬರಬೇಕು. ಕಲ್ಲು ದಾಟಿದವರು ಹಿಂತಿರುಗಿ ನೋಡಬಾರದು. ಹಿಂದಿನ ಐವರೂ ನೋಡಿರಲಿಲ್ಲ. ಆ ಐವರೂ ಓದಿದವರೇ ಎಂದು ಕೇಳಿ ನನಗೆ ನಾಚಿಕೆಯಾಯಿತು.

ನನ್ನ ಲೆಕ್ಕಾಚಾರ ತಪ್ಪಿದ್ದರೆ ಏನಾಗುತ್ತದೆ ಎಂದು ಎರಡು ದಿನ ಯೋಚಿಸಿದೆ. ನೀರು ನನ್ನದಾಗುತ್ತದೆ. ನಾನು ಹೋದ ಪ್ರಯೋಗಾಲಯಕ್ಕೆಲ್ಲ ಅದು ಬರುತ್ತದೆ, ಬೀಜಗಳು ಚೀಲದಲ್ಲೇ ಕೊಳೆಯುತ್ತವೆ, ನಾನು ಕಲಿತ ಒಂದೇ ಕೆಲಸ ಮುಗಿಯುತ್ತದೆ. ಮೂರನೆಯ ಬೆಳಿಗ್ಗೆ ಗೋಲಿ ಬಿಟ್ಟೆ. ಐದು ಸೆಕೆಂಡು. ಮೇಲೆ ಸರೋಜಿ ಮಂಚದಲ್ಲಿ ಮಗ್ಗುಲಾದದ್ದು ಕಂಬದಲ್ಲಿ ಕೇಳಿಸಿತು, ಒಂದು ಸಣ್ಣ ನರಳಿಕೆ. ನರಳಿದ್ದು ಕಂಬ.

ಪಂಪಾಪತಿಯವರ ಬಾಗಿಲಿಗೆ ಹೋದೆ. "ನಾನು ನೀರು ನೋಡುತ್ತೇನೆ. ಸಾಕ್ಷಿಗಳನ್ನು ಕರೆಯಿರಿ."

ಅವರ ಮಂಡಿನೋವು ಆ ಕ್ಷಣವೇ ವಾಸಿಯಾಯಿತು. "ಎಂಥ ದೊಡ್ಡ ಮನಸ್ಸು ನಿಮ್ದು!" ಎನ್ನುತ್ತ ಬೀದಿಗೆ ಓಡಿದರು. ಅರ್ಧ ಗಂಟೆಯಲ್ಲಿ ಡೋಲಿನವರು ಬಂದರು, ಸಭೆಯ ಹನ್ನೆರಡು ಜನ ಬಂದರು, ಪಂಪಾಪತಿ ತಲೆಯ ಮೇಲೆ ಹಿತ್ತಾಳೆಯ ಕೊಡ ಬೋರಲು ಹಾಕಿಕೊಂಡು ನಿಂತರು. ಹನುಮಕ್ಕ ಮೆಟ್ಟಿಲ ಮೇಲಿಂದ ಕೂಗಿದರು, "ಹುಚ್ಚಿ! ನಿಂಗೇನ್ ಬಂತೇ? ಯಾರ ಮಗಳಿಗೋಸ್ಕರ ಯಾರೇ ನೀನು?" ಬೈಯುತ್ತಲೇ ಅಳುತ್ತಿದ್ದರು.

ನಾನು ಹದಿನಾಲ್ಕು ಮೆಟ್ಟಿಲು ಇಳಿದೆ. ಗವಾಕ್ಷಿಯಿಂದ ಬೆಳಗಿನ ಬಿಸಿಲು ಬೀಳುತ್ತಿತ್ತು. ಅಷ್ಟೊಂದು ಹೆದರಿಕೆಯ ವಸ್ತು ಎಷ್ಟು ತಿಳಿಯಾಗಿತ್ತೆಂದರೆ ತಳದ ಒಂದೊಂದು ಹರಳೂ ಕಾಣುತ್ತಿತ್ತು. ತಾಮ್ರದ ಹಂಡೆ ನಿಜವಾಗಿಯೂ ಇತ್ತು, ತೇಲುತ್ತಿತ್ತು. ಬೆಕ್ಕು ಇರಲಿಲ್ಲ. ಕಂಬದ ಬುಡ ಸವೆದು ನನ್ನ ತೋಳಿನಷ್ಟು ದಪ್ಪ ಉಳಿದಿತ್ತು. ಚೆನ್ನಾಗಿ ನೋಡಿದೆ, ಮೇಲೆ ಬಂದು "ಕಂಡೆ" ಎಂದೆ. ಹನ್ನೆರಡು ಜನ ಒಟ್ಟಿಗೆ ಉಸಿರುಬಿಟ್ಟರು.

ಮೈಲಾರಿ ಕಲ್ಲು, ಗಾರೆ, ಆಸರೆಗೆ ಕೊಡುವ ಮರದ ತುಂಡುಗಳನ್ನು ಹಿತ್ತಲಿನಲ್ಲಿ ಜೋಡಿಸಿಕೊಂಡು ಕೂತಿದ್ದ. ಅದನ್ನೂ ಯಾರೂ ನೋಡಲಿಲ್ಲ.

ಮೆರವಣಿಗೆ ಹೊರಟಿತು. ನಾನು ಮುಂದೆ, ಪಕ್ಕದಲ್ಲಿ ಕೊಡದ ಟೋಪಿ ಹಾಕಿದ ಪಂಪಾಪತಿ, ಹಿಂದೆ ಆಕಾಶ ನೋಡುವ ಊರು. ಅಂಗಡಿಬೀದಿ ದಾಟುವಷ್ಟರಲ್ಲಿ ಬಲಗಡೆಯ ಚರಂಡಿಯಲ್ಲಿ ಸಣ್ಣ ಸದ್ದು ಶುರುವಾಯಿತು. ನೀರು ಬರುತ್ತಿತ್ತು. ನನ್ನ ಹಿಂದೆಯೋ, ಅವರ ಹಿಂದೆಯೋ ಹೇಳುವಂತಿರಲಿಲ್ಲ. ನಾವು ಒಂದೇ ಹೆಜ್ಜೆಯಲ್ಲಿ ನಡೆಯುತ್ತಿದ್ದೆವು. ನಾನು ನಿಧಾನಿಸಿದರೆ ಅವರೂ ನಿಧಾನಿಸುತ್ತಿದ್ದರು. ಅಳತೆಯ ಕೋಲು ನನ್ನ ಕೈಯಲ್ಲೇ ಇತ್ತು. ಕೋಲು ಯಾಕೆ ತಂದಿರಿ ಎಂದು ಅವರು ಕೇಳಿದರು. ಊರುಗೋಲು ಎಂದೆ.

ಎಲ್ಲೆಕಲ್ಲಿಗೆ ಬಂದು ಸೇರಿದಾಗ ಬಿಸಿಲು ಏರಿತ್ತು. ಎಲ್ಲರೂ ತಂಗುದಾಣದ ಕಟ್ಟೆಯ ಮೇಲೆ ನಿಂತು ಕಾದೆವು, ನೀರು ಪೂರ್ತಿ ಬಂದು ಸೇರಲಿ ಎಂದು. ಅದೂ ಪದ್ಧತಿಯೇ, ಯಾರೂ ನೋಡುವುದಿಲ್ಲ, ಸದ್ದು ನಿಲ್ಲುವವರೆಗೆ ಡೋಲು ಬಡಿಯುತ್ತಾರೆ. ಸದ್ದು ನಿಂತಿತು. ಪಂಪಾಪತಿ ನನ್ನನ್ನು ಕಲ್ಲಿನವರೆಗೆ ಬಿಟ್ಟು ಕೈಮುಗಿದರು. ಕೊಡ ಒಂದಿಷ್ಟು ವಾಲಿತು.

ಕಲ್ಲು ದಾಟಿದೆ. ಹತ್ತು ಹೆಜ್ಜೆ ಎಣಿಸಿದೆ. ಕಾಲಿಗೆ ಬಿಸಿ ಧೂಳು ತಾಗಿತು, ಒಣ ಧೂಳು. ತಿರುಗಿ ನೋಡಿದೆ.

ನೀರು ಎಲ್ಲೆಕಲ್ಲಿನ ಪಕ್ಕದ ತಗ್ಗಿನಲ್ಲಿ, ಸಾಕಿದ ಎಮ್ಮೆಯ ಹಾಗೆ, ಪಂಪಾಪತಿಯವರ ಕಾಲಿನ ಸುತ್ತ ನಿಂತಿತ್ತು. ಅವರು ತಮ್ಮ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡಿದ್ದರು. ಸುತ್ತ ಇನ್ನೂರು ಜನ ಹದ್ದು ಹುಡುಕುವವರಂತೆ ಆಕಾಶ ನೋಡುತ್ತಿದ್ದರು.

ವಾಪಸು ನಡೆದು ಬಂದು ಕೋಲನ್ನು ಅವರ ಕಾಲ ಪಕ್ಕ ಇಳಿಬಿಟ್ಟೆ. ಒಂಬತ್ತು ಅಂಗುಲ.

"ಯಾರೂ ನೋಡಿಲ್ಲ. ನೀವೂ ನೋಡಿಲ್ಲ ಅಂದ್ಬಿಡ್ರಿ" ಎಂದು ಪಿಸುಗುಟ್ಟಿದರು.

"ಯಾವತ್ತಿನಿಂದ?"

"ಹತ್ತು ವರ್ಷದೋನಿದ್ದೆ. ಬುಗುರಿ ಉರುಳಿ ಕೆಳಗೆ ಹೋತು, ಹಿಂದೇ ಇಳಿದೆ. ಕಣ್ಣು ಮುಚ್ಚಿಕೊಂಡೆ, ನಿಜವಾಗ್ಲೂ. ಮುಚ್ಚಿಕೊಳ್ಳೋಕೆ ಮುಂಚೆ ಕಂಡುಬಿಟ್ಟಿತ್ತು." ಕೊಡದ ಕೆಳಗೆ ಅವರ ಮುಖ ಸಣ್ಣದಾಗಿತ್ತು. "ಮದುವೆ ಮಾಡ್ಕಳ್ಳಿಲ್ಲ. ಹೆಂಡತಿ ಮನೆಗೆ ಹೋದ್ರೆ ಇದೂ ಬರ್ತಿತ್ತಲ್ಲ."

ಅರೆಕ್ಷಣ ಕನಿಕರವಾಯಿತು. ಆಮೇಲೆ ಐದು ಜನ ಬಾಡಿಗೆದಾರರು, ಮಂಚದ ಮೇಲಿನ ಸರೋಜಿ ನೆನಪಾದರು. ಕನಿಕರ ಹೋಯಿತು.

"ಕಂಬದ ಗಾರೆ ಒಣಗಬೇಕು. ಮೂರು ದಿನ ಊರೊಳಗೆ ಬರಬೇಡಿ. ಬಂದರೆ ಈ ಅಳತೆಯನ್ನು ಡೋಲಿನವನ ಹತ್ತಿರ ಕೂಗಿಸುತ್ತೇನೆ. ನಿಮ್ಮ ಜನ ನೀರು ನೋಡದೆ ಇರಬಹುದು, ಕೂಗಿದ್ದನ್ನು ಕೇಳದೆ ಇರಲಾರರು. ಕಿವಿಗೆ ನಿಮ್ಮ ಊರಿನಲ್ಲಿ ಕಟ್ಟಳೆ ಇಲ್ಲ."

ಅವರು ಬಹಳ ಹೊತ್ತು ಯೋಚಿಸಲಿಲ್ಲ, ಅಧ್ಯಕ್ಷರಾಗಿ ಅನುಭವವಿತ್ತು. ಕೊಡವನ್ನು ಸರಿಮಾಡಿಕೊಂಡು ಘೋಷಿಸಿದರು, "ಊರಿನ ಒಳ್ಳೇದಕ್ಕೆ ನಾನಿಲ್ಲಿ ಮೂರು ದಿನ ವ್ರತ ಕೂರ್ತೀನಿ!" ಜನ ಜೈಕಾರ ಹಾಕಿದರು. ಸಂಗಪ್ಪ ಮಾಸ್ತರರು ಕಣ್ಣೊರೆಸಿಕೊಂಡರು. ನಾನು ಮೆರವಣಿಗೆಯ ಜನರ ಜೊತೆಗೇ ಊರಿಗೆ ವಾಪಸು ನಡೆದೆ. ಸಾಗಹಾಕಿದವಳು ಹೇಗೆ ಮರಳಿದಳು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದರೆ ನನ್ನ ಹಿಂದೆ ನೀರಿದೆಯೇ ಎಂದು ನೋಡಬೇಕಾಗುತ್ತಿತ್ತು.

ಮನೆಗೆ ಬರುವಷ್ಟರಲ್ಲಿ ಮೈಲಾರಿ ಕಂಬಕ್ಕೆ ಆಸರೆ ಕೊಟ್ಟು, ಕೊಳೆತದ್ದನ್ನು ಕೊಯ್ದು, ಕಲ್ಲು ಕೂರಿಸಿ, ಗಾರೆ ಮೆತ್ತುತ್ತಿದ್ದ. "ನೆಲ ಒಣಗೈತಲ್ರೀ ಬೀಜದಮ್ಮ! ಯಾರ ನೀರು ಇದು, ಹಿಂಗೆ ಹೇಳಿದ ಮಾತು ಕೇಳೋದು?"

"ನೀನು ನೋಡಿಲ್ಲವಲ್ಲ, ಬಿಡು" ಎಂದೆ. ಅವನು ಗಾರೆಯ ಬಾಂಡ್ಲಿ ಅಲುಗಾಡುವಂತೆ ನಕ್ಕ.

ಎರಡನೆಯ ದಿನ ಮಧ್ಯಾಹ್ನ ಸರೋಜಿ ಹಗ್ಗ ಹಿಡಿದಳು. ನಾನು ಕೆಳಗೆ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಅವಳ ಒಂದೊಂದು ಜಗ್ಗೂ ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಕಂಬ ನರಳಲಿಲ್ಲ. ಇಳಿಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಮರುದಿನ ಮೇಲೆ ಹೋಗಿ ಮಂಚದ ಪಕ್ಕ ಗೋಲಿ ಇಟ್ಟೆ. ಇಟ್ಟಲ್ಲೇ ನಿಂತಿತು.

"ಅದೇನು ಆಟ?" ಎಂದಳು ಸರೋಜಿ.

"ಪರೀಕ್ಷೆ."

"ಪಾಸಾ?"

"ಪಾಸು."

ನಾಲ್ಕನೆಯ ಬೆಳಿಗ್ಗೆ ಪಂಪಾಪತಿ ಹಾರ ಹಾಕಿಕೊಂಡು ಮೆರವಣಿಗೆಯಲ್ಲಿ ಬಂದರು. ಚರಂಡಿಯಲ್ಲಿ ನೀರೂ ಬಂತು. ಸಂಜೆಗೆ ಇಪ್ಪತ್ತೊಂದು ಅಂಗುಲ; ಈ ಸಲ ಅದು ಕಲ್ಲಿನ ಸುತ್ತ. ಹನುಮಕ್ಕ ಸಕ್ಕರೆ ಹಂಚುತ್ತ ಬಂದು ನನ್ನ ಬಾಯಿಗೂ ಒಂದು ಹಿಡಿ ತುರುಕಿದರು. "ನೋಡ್ದೇನೇ, ಅವ್ರು ವ್ರತ ಕೂತಿದ್ದಕ್ಕೆ ಕಂಬ ಹೆಂಗೆ ಗಟ್ಟಿಯಾತು!" ನನ್ನ ಬಾಯಿ ತುಂಬಿತ್ತು.

ಪಂಪಾಪತಿ ಹೊಸ ಕರಾರು ಕಳುಹಿಸಿದರು. ನಾಲ್ಕನೆಯ ಕಲಮು ಹೀಗಿತ್ತು: ‘ಬಾಡಿಗೆದಾರರು ಮನೆಯಲ್ಲಿ ಅಳತೆಯ ಕೋಲು ಇಟ್ಟುಕೊಳ್ಳತಕ್ಕದ್ದಲ್ಲ.’ ಓದಿದೆ, ಗೀಟು ಎಳೆದೆ, ಸಹಿ ಹಾಕಿದೆ. ಅವರೂ ಹಾಕಿದರು. ಮಳೆಗಾಲಕ್ಕೆ ಮುಂಚೆ ಗೋಡೆಯ ಬುಡಕ್ಕೆ ಗಾರೆ ಆಗಬೇಕಿತ್ತು, ಆಮೇಲೆ ಮೆಟ್ಟಿಲಿಗೆ. ಈಗ ಅವರು ವರ್ಷಕ್ಕೆರಡು ಸಲ ಎಲ್ಲೆಕಲ್ಲಿನ ಹತ್ತಿರ ಮೂರು ದಿನದ ವ್ರತ ಕೂರುತ್ತಾರೆ. ಊರೆಲ್ಲ ಹೋಗಿ, ಆಕಾಶ ನೋಡುತ್ತ, ಅವರ ಕಾಲಿಗೆ ಬೀಳುತ್ತದೆ. ಎದ್ದವರ ಹಣೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ವ್ರತದ ದಿನವನ್ನು ಪಂಚಾಂಗ ನೋಡಿ ಇಡುತ್ತಾರೆ ಎಂದು ಜನ ನಂಬಿದ್ದಾರೆ. ಮೈಲಾರಿಯ ಬಿಡುವು ನೋಡಿ ನಾನು ಇಡುತ್ತೇನೆ.